ಬಿಲ್ಲೆಯ ಅಂಚಿನ ಅಂಟು

ಬಿಸಿ ಆರದ ಬೆಲ್ಲವನ್ನು ತಟ್ಟೆಗೆ ಹಾಕುತ್ತ ನನ್ನ ಹೆಂಡತಿ, ಆತಗೂರಿನ ಹತ್ತಿರದ ಆಲೆಮನೆಯಲ್ಲಿ ಶೋಭಾ ಒಲೆಯ ಕಾವಿನಿಂದಲೇ ಕರೆಂಟು ತೆಗೆದಿದ್ದಾಳೆ ಎಂದಳು. ಆಮೇಲೆ ಆ ಬೆಲ್ಲ ನನಗೆ ಸಿಹಿಯಾಗಲಿಲ್ಲ. ಶೋಭಾ ನನ್ನ ಚಿಕ್ಕಪ್ಪನ ಮಗಳು, ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವವಳು. ನಾನು ಮಳವಳ್ಳಿಯಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಶಾಖವನ್ನು ನೇರವಾಗಿ ವಿದ್ಯುತ್ತಾಗಿಸುವ ವಸ್ತುಗಳ ಬೆನ್ನು ಹತ್ತಿ, ವರ್ಷಗಟ್ಟಲೆ ಸಂಶೋಧನೆ ಮಾಡಿ, ಕೊನೆಗೆ ಪ್ರಬಂಧ ಮುಗಿಸಲಾಗದೆ ಕೈಬಿಟ್ಟವನು. ಅವಳು ನನ್ನದನ್ನು ಕಸಿದಳೆನ್ನಲು ನ್ಯಾಯವಿರಲಿಲ್ಲ. ಆದರೂ ಹಾಗೆಯೇ ಅನಿಸಿತು. ಸ್ನೇಹಿತರೇ, ನಿಮ್ಮಲ್ಲಿ ಮುಚ್ಚಿಡುವುದೇಕೆ?

ಭಾನುವಾರ ನೋಡಲು ಹೋದೆ. ಹೊಗೆಗೂಡಿನ ಬುಡದಲ್ಲಿ ಅಂಗೈಯಗಲದ ಬಿಲ್ಲೆಗಳ ಸಾಲು. ಒಂದು ಮೈಗೆ ಬೆಂಕಿಯ ಕಾವು, ಇನ್ನೊಂದಕ್ಕೆ ನೀರಿನ ತೊಟ್ಟಿಯ ತಂಪು, ಆ ಎರಡರ ಅಂತರದಲ್ಲಿ ಹುಟ್ಟಿದ ಕರೆಂಟಿನಿಂದ ಕೊಪ್ಪರಿಗೆಯ ಮುಂದೆ ಬೇಯುವವರಿಗೆ ಒಂದು ಫ್ಯಾನು ಗಾಳಿ ಬೀಸುತ್ತಿತ್ತು. ಎಲ್ಲರೂ ಅವಳನ್ನು ಹೊಗಳುತ್ತಿದ್ದರೆ ನಾನು ತಪ್ಪು ಹುಡುಕುತ್ತಿದ್ದೆ. ಸಿಕ್ಕಿತು. ಬಿಲ್ಲೆಗಳ ಅಂಚಿಗೆ ಮೆತ್ತಿದ್ದು ಕಿಟಕಿಯ ಗಾಜಿಗೆ ಹಚ್ಚುವ ಮಾಮೂಲಿ ಅಂಟು. ಆ ಬಿಸಿಗೆ ಅದು ಬಿರಿಯುತ್ತದೆ, ಕಬ್ಬಿನ ಹಾಲಿನ ಆವಿ ಒಳನುಗ್ಗಿ ಬಿಲ್ಲೆಗಳನ್ನು ಕೆಡಿಸುತ್ತದೆ ಎಂದು ನನಗೆ ಖಾತ್ರಿಯಿತ್ತು. ಚೆನ್ನಾಗಿದೆ ಎಂದಷ್ಟೇ ಹೇಳಿ ಬಸ್ಸು ಹತ್ತಿದೆ.

ಹದಿನೈದು ದಿನಕ್ಕೆ ಫ್ಯಾನು ನಿಂತಿತು. ಆ ಸೆಕೆಯಲ್ಲಿ ಪಾಕ ತಿರುವುತ್ತಿದ್ದ ಕೆಂಪಯ್ಯನಿಗೆ ತಲೆಸುತ್ತು ಬಂದು, ಕುದಿಯುವ ಕೊಪ್ಪರಿಗೆಯತ್ತ ವಾಲಿದನಂತೆ. ಪಕ್ಕದವರು ಹಿಡಿದುಕೊಂಡಿದ್ದರಿಂದ ಉಳಿದನಂತೆ. ಸುದ್ದಿ ಕೇಳಿದವನೇ ಕಾವು ತಡೆಯುವ ಪಿಂಗಾಣಿ ಲೇಪದ ಡಬ್ಬಿಯನ್ನೂ ಹೊಸ ಬಿಲ್ಲೆಗಳನ್ನೂ ಹೊಂದಿಸಿಕೊಂಡು ಹೋಗಿ, ಆ ಭಾನುವಾರವೇ ತಪ್ಪು ಕಂಡಿದ್ದೆನೆಂದು ಶೋಭಾಳೆದುರು ಒಪ್ಪಿಕೊಂಡೆ.

"ನಿನ್ ಮೊಕ ನೋಡಿ ಆವತ್ತೇ ಗೊತ್ತಾಯ್ತು ಕಣಣ್ಣ, ಏನೋ ಕಂಡದೆ, ಯೋಳ್ತಿಲ್ಲ ಅಂತ," ಎಂದಳು.

"ಮತ್ಯಾಕೆ ಕೇಳ್ನಿಲ್ಲ?"

"ನೀನಾಗೇ ಯೋಳ್ತೀಯ ಅಂದ್ಕಂಡೆ. ಕೇಳ್ಬೇಕಾಗಿತ್ತು. ನಂದೂ ತಪ್ಪದೆ."

ಕೆಟ್ಟವನ್ನು ತೆಗೆದು, ಹೊಸ ಬಿಲ್ಲೆಗಳ ಅಂಚಿಗೆ ಇಬ್ಬರೂ ಕೂತು ಲೇಪ ಹಚ್ಚಿದೆವು. ಒಲೆಗೆ ಬೆಂಕಿ ಬಿದ್ದು ಫ್ಯಾನು ತಿರುಗಿದಾಗ ಕೆಂಪಯ್ಯ ಅವಳಿಗೆ ಕೈಮುಗಿಯಲು ಬಂದ.

"ನಂಗಲ್ಲ ಕಣಪ್ಪ. ಸರಿ ಮಾಡ್ದೋರು ನಮ್ಮಣ್ಣ," ಎಂದು ಅವಳು ಸ್ಪ್ಯಾನರು ಒರೆಸುತ್ತ ಆಚೆಗೆ ಹೋದಳು.

ಆತ ನನ್ನ ಕೈ ಹಿಡಿದುಕೊಂಡ. ನಾನು ಅವನ ಮುಖ ನೋಡಲಾರದೆ ಹೋದೆ. ಅವಳ ಜಾಣತನಕ್ಕೆ ಕರುಬಿದ್ದು ಅಲ್ಲಿಗೆ ಆರಿತು. ಅಷ್ಟು ಹಗುರವಾಗಿ ಹೆಸರು ಬಿಟ್ಟುಕೊಟ್ಟಳಲ್ಲ, ಅದಕ್ಕೆ ಇಂದಿಗೂ ಕರುಬುತ್ತಿದ್ದೇನೆ.