ಏಳನೇ ಇನಿಂಗ್ಸಿನ ಅಕ್ಷರ

ಕೈಯಲ್ಲಿ ಪೆನ್ಸಿಲ್ ಇಲ್ಲದಿದ್ದರೆ ಲೊರೀನ್ ಹುಡೆಕ್‌ಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮಾರ್ಲೋ ಫೆರಿಯ ಗಾಜಿನ ಕಾರ್ಖಾನೆಯ ಗೇಟಿನಲ್ಲಿ ಮೂವತ್ತು ವರ್ಷ ಲಾರಿಗಳ ತೂಕ ಬರೆದು ನಿವೃತ್ತಳಾಗಿದ್ದಳು. ಬೆಳಗಿನ ಪತ್ರಿಕೆಯ ಪದಬಂಧ ಕಾಫಿ ಆರುವ ಮೊದಲೇ ಮುಗಿಯುತ್ತಿತ್ತು. ಆಮೇಲೆ ಕಿಟಕಿಯ ಹತ್ತಿರ ಹೋಗುವುದು, ಬರುವುದು, ಫ್ರಿಜ್ ತೆರೆಯುವುದು, ಏನೂ ತೆಗೆಯದೆ ಮುಚ್ಚುವುದು. ಅದೇ ಮನೆಯಲ್ಲಿದ್ದ ತಂಗಿ ಬರ್ನಡೀನ್ ಇದನ್ನೆಲ್ಲ ನೋಡಿ ನೋಡಿ ಸಾಕಾಗಿ, ನಿನ್ನ ಕಾಲಿಗೆ ಗೆಜ್ಜೆ ಕಟ್ಟಿದರೆ ಬೆಕ್ಕಾದರೂ ಎಚ್ಚರವಾಗಿರುತ್ತಿತ್ತು ಎಂದು ಅಣಕಿಸುತ್ತಿದ್ದಳು.

ಊರಿನ ಬೇಸ್‌ಬಾಲ್ ತಂಡ ಗ್ಲೇಜಿಯರ್ಸ್‌ಗೆ ನೂರು ವರ್ಷ ತುಂಬಿದ ಬೇಸಿಗೆಯಲ್ಲಿ ಗ್ರಂಥಾಲಯದವರು ಒಂದು ಒಗಟಿನ ಸ್ಪರ್ಧೆ ಇಟ್ಟರು. ಒಂದೇ ಹಾಳೆ, ಐದು ಸುಳಿವು. ಪ್ರತಿ ಉತ್ತರದಿಂದ ಮೊದಲ ಇಂಗ್ಲಿಷ್ ಅಕ್ಷರ. ಐದನ್ನೂ ಹಿಂದುಮುಂದು ಮಾಡಿ ಜೋಡಿಸಿದರೆ ಒಂದು ಪದ. ಆ ಪದ ಹೇಳುವ ವಸ್ತು ಗ್ರಂಥಾಲಯದಲ್ಲೇ ಇದೆ, ಕೊನೆಯ ಪ್ರಶ್ನೆ ಅದರ ಪಕ್ಕದಲ್ಲಿದೆ. ಶನಿವಾರ ಸಂಜೆ ಐದಕ್ಕೆ ಗಡುವು.

ಶನಿವಾರ ಬೆಳಿಗ್ಗೆ ಲೊರೀನ್ ಮೊದಲ ನಾಲ್ಕನ್ನು ನಿಂತಲ್ಲೇ ಬಿಡಿಸಿದಳು. ನೀರಿನ ಹೂಜಿಗೂ ಚೆಂಡೆಸೆಯುವವನಿಗೂ ಇರುವ ಒಂದೇ ಹೆಸರು ಪಿಚರ್, ಅಲ್ಲಿಂದ ಪಿ. ಎಲ್ಲರೂ ಎದ್ದುಹೋದ ಮೇಲೆ ಉಳಿದದ್ದೂ ಹೌದು, ಮೈದಾನದ ಒಂದು ಮಗ್ಗುಲೂ ಹೌದು ಎಂದರೆ ಲೆಫ್ಟ್, ಅಲ್ಲಿಂದ ಎಲ್. ಅಂಗಡಿಯಲ್ಲಿ ಹೊಸ ಅಂಗಿಗೆ ನೇತಾಡುವುದು, ಓಡುವವನ ಮೈಗೆ ತಗುಲಿದರೆ ಅವನನ್ನು ಔಟ್ ಮಾಡುವುದು ಟ್ಯಾಗ್, ಅಲ್ಲಿಂದ ಟಿ. ಇಸ್ಪೀಟಿನ ಎಕ್ಕವೂ ತಂಡದ ಅತ್ಯುತ್ತಮ ಪಿಚರನೂ ಏಸ್, ಅಲ್ಲಿಂದ ಎ.

ಐದನೆಯದು ಮಾತಿನ ಆಟವಲ್ಲ, ನೆನಪಿನ ಪ್ರಶ್ನೆ. ೧೯೯೮ರ ಆಗಸ್ಟ್ ಒಂಬತ್ತರ ಪಂದ್ಯದ ಏಳನೇ ಇನಿಂಗ್ಸಿನಲ್ಲಿ ನಮ್ಮ ಸ್ಕೋರ್ ಬೋರ್ಡಿನ ಮೇಲೆ ಯಾವ ಅಕ್ಷರ ಬೆಳಗಿತು?

ಲೊರೀನ್ ಯೋಚಿಸಲೂ ಇಲ್ಲ, ಎಚ್ ಎಂದು ಬರೆದಳು.

ಪದ ಕೂಡಲಿಲ್ಲ. ಪಾತ್ ಎಂದು ಜೋಡಿಸಿದರೆ ಎಲ್ ಉಳಿಯಿತು. ಹ್ಯಾಟ್ ಮಾಡಿದರೆ ಎರಡು ಉಳಿದವು. ಅಡುಗೆಮನೆಯಿಂದ ವರಾಂಡಕ್ಕೆ, ವರಾಂಡದಿಂದ ಬೀದಿಯ ತುದಿಯ ಅಂಚೆಪೆಟ್ಟಿಗೆಯವರೆಗೆ ನಡೆದಳು. ಮಧ್ಯಾಹ್ನಕ್ಕೆ ಟೋಸ್ಟ್ ಸುಟ್ಟಳು. ಎರಡನೆಯ ಸಲವೂ ಸುಟ್ಟಳು.

ಬರ್ನಡೀನ್ ಹಾಳೆಯ ಮೇಲೆ ಕಣ್ಣಾಡಿಸಿ ಹೇಳಿದಳು, “ಒಂದಕ್ಷರ ತಪ್ಪಿರ್ಬೇಕು ಕಣೆ. ಕೊನೇದು ಯಾವ ಪಂದ್ಯ? ನಮ್ಮ ಪಿಚರ್ ಕರ್ಟ್ ವಿಟ್ಲೀ ಒಂದೂ ಹಿಟ್ ಬಿಟ್ಕೊಡದೆ ಗೆದ್ದಿದ್ದು ತಾನೆ? ಹಿಟ್ಟೇ ಇಲ್ದಿದ್ ಆಟದಲ್ಲಿ ಎಚ್ ಎಲ್ಲಿಂದ ಬರುತ್ತೆ?”

ಲೊರೀನ್ ಹಾಳೆ ಕಿತ್ತುಕೊಂಡು ಹೊರಗೆ ಹೋದಳು.

ಆ ಪಂದ್ಯದ ಅಧಿಕೃತ ಸ್ಕೋರರ್ ಅವಳೇ ಆಗಿದ್ದಳು. ಮೈದಾನದ ಮೇಲಿನ ಗೂಡಿನಂಥ ಕೋಣೆಯಲ್ಲಿ ಕೂತು ಅವಳು ಒಂದು ಗುಂಡಿ ಒತ್ತಿದರೆ ಬೋರ್ಡಿನಲ್ಲಿ ಎಚ್ ಬೆಳಗುತ್ತಿತ್ತು, ಎಂದರೆ ಅದು ದಾಂಡಿಗ ಸಂಪಾದಿಸಿದ ಹಿಟ್. ಇನ್ನೊಂದು ಒತ್ತಿದರೆ ಇ, ಎಂದರೆ ಎರರ್, ಹಿಡಿಯಬೇಕಾದವನ ತಪ್ಪು. ಏಳನೇ ಇನಿಂಗ್ಸಿನವರೆಗೆ ಎದುರಾಳಿಗೆ ಒಂದೂ ಹಿಟ್ ಇರಲಿಲ್ಲ. ಹಾಗೇ ಆಟ ಮುಗಿಸುವುದು ಪಿಚರನಿಗೆ ಜನ್ಮಕ್ಕೊಮ್ಮೆ ಸಿಗುವ ಕೀರ್ತಿ. ಆಗ ಒಂದು ಚೆಂಡು ಎರಡು ಮತ್ತು ಮೂರನೇ ನೆಲೆಗಳ ನಡುವೆ ನಿಂತಿದ್ದ ಅನ್ಸೆಲ್ಮೊ ಬ್ರಿತೊನ ಮುಂದೆ ನೆಲ ಬಡಿದು, ಪಕ್ಕಕ್ಕೆ ಚಿಮ್ಮಿ, ಅವನ ಕೈಗವಸಿನ ತುದಿ ಸವರಿಕೊಂಡು ಹೋಯಿತು. ದೇವರಿಂದಲೂ ಹಿಡಿಯಲಾಗದ ಚೆಂಡು ಅದು. ನಾಲ್ಕು ಸಾವಿರ ಜನ ಎದ್ದು ನಿಂತು ಮೇಲಿನ ಕೋಣೆಯ ಕಡೆ ತಿರುಗಿದರು. ಲೊರೀನ್ ಇ ಒತ್ತಿದಳು. ಊರಿಗೆ ಊರೇ ಕುಣಿಯಿತು. ಹತ್ತು ದಿನಕ್ಕೆ ತಂಡದವರು ಬ್ರಿತೊನನ್ನು ಕೈಬಿಟ್ಟರು.

ಆ ವರ್ಷವೇ ಅವಳು ಸ್ಕೋರರ್ ಕೆಲಸ ಬಿಟ್ಟಳು. ಅವಳ ತಲೆಯೊಳಗಿನ ಬೋರ್ಡಿನಲ್ಲಿ ಮಾತ್ರ ಅಂದಿನಿಂದ ಎಚ್ಚೇ ಬೆಳಗುತ್ತಿತ್ತು. ಬ್ರಿತೊ ತನ್ನ ಡೊಮಿನಿಕನ್ ಊರಿಗೆ ಹಿಂತಿರುಗದೆ ಇಲ್ಲೇ ಮದುವೆಯಾಗಿ, ನದಿ ರಸ್ತೆಯಲ್ಲಿ ಚರ್ಮದ ಕೆಲಸದ ಅಂಗಡಿ ಇಟ್ಟ. ಲೊರೀನ್ ಅತ್ತ ಹೋಗುವ ಬದಲು ತನ್ನ ಶೂಗಳನ್ನು ಪಕ್ಕದ ಊರಿಗೆ ಕೊಂಡೊಯ್ದು ಹೊಲಿಸುತ್ತಿದ್ದಳು.

ಅಂಚೆಪೆಟ್ಟಿಗೆಯ ಬಳಿ ನಿಂತು ಎಚ್ ಅಳಿಸಿ ಇ ಬರೆದಳು. ಪೆಟಲ್ ಆಯಿತು, ಪ್ಲೀಟ್ ಆಯಿತು, ಮೂರನೆಯ ಸಲಕ್ಕೆ ಪ್ಲೇಟ್ ಆಯಿತು. ಊಟದ ತಟ್ಟೆಯೂ ಅದೇ, ಓಟ ಮುಗಿಸಿದವನು ಮುಟ್ಟುವ ಹೋಮ್ ಪ್ಲೇಟೂ ಅದೇ. ಮೊದಲ ಮೈದಾನದ ಪ್ಲೇಟನ್ನು ಗ್ರಂಥಾಲಯದ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಒಗಟು ಬಿಡಿಸಿದ ಸುಖ ಒಂದು ಚೂರೂ ಹತ್ತಿರ ಸುಳಿಯಲಿಲ್ಲ. ಗಂಟೆ ಮೂರೂವರೆ. ಗ್ರಂಥಾಲಯ ಎಡಕ್ಕೆ, ನದಿ ರಸ್ತೆ ಬಲಕ್ಕೆ. ಅವಳ ಕಾಲುಗಳು ಬಲಕ್ಕೆ ತಿರುಗಿದವು.

ಬ್ರಿತೊ ಒಂದು ಕೈಗವಸಿಗೆ ದಾರ ಪೋಣಿಸುತ್ತಿದ್ದ. ತಲೆ ನರೆತಿತ್ತು, ಹೊಟ್ಟೆ ಬಂದಿತ್ತು. ಅವಳನ್ನು ನೋಡಿ ಕುರ್ಚಿ ತೋರಿಸಿದ. ಲೊರೀನ್ ಕೂರಲಿಲ್ಲ. ಬಾಗಿಲಿಗೂ ಮೇಜಿಗೂ ನಡುವೆ ಓಡಾಡುತ್ತಲೇ ಇಪ್ಪತ್ತಾರು ವರ್ಷದ ಮಾತನ್ನು ಒಂದೇ ಉಸಿರಿಗೆ ಹೇಳಿದಳು. ಅದು ಹಿಟ್ಟೇ, ಜನ ನೋಡಿದರೆಂದು ತಾನು ಹೆದರಿದೆ, ಅದಕ್ಕೇ ಅವನ ಹೆಸರಿನ ಮುಂದೆ ತಪ್ಪು ಬರೆದೆ ಎಂದಳು.

ಬ್ರಿತೊ ದಾರವನ್ನು ಹಲ್ಲಿನಲ್ಲಿ ಕಡಿದು ಗಂಟು ಹಾಕಿದ. “ನೀವ್ ಸರಿಯಾಗೇ ಬರ್ದಿದ್ರಿ, ಮಿಸ್ ಹುಡೆಕ್. ಕೋಚು ಎರಡು ಹೆಜ್ಜೆ ಎಡಕ್ಕೆ ನಿಲ್ಲು ಅಂತ ಕೈ ಮಾಡಿದ್ರು. ನಾನು ನೋಡ್ಲಿಲ್ಲ. ಮೂರನೇ ಸಾಲಲ್ಲಿ ನನ್ನ ಹೆಂಡ್ತಿ ಕೂತಿದ್ಳು, ಆಗಿನ್ನೂ ಹೆಂಡ್ತಿ ಆಗಿರ್ಲಿಲ್ಲ. ನಾನು ಅವಳನ್ನ ನೋಡ್ತಿದ್ದೆ.”

ಕೋಚಿನ ಸನ್ನೆ ಸ್ಕೋರರ್‌ಗೆ ಲೆಕ್ಕಕ್ಕಿಲ್ಲ, ಚೆಂಡು ಹೇಗೆ ಬಂತೋ ಅಷ್ಟೇ ಲೆಕ್ಕ ಎಂದು ಲೊರೀನ್ ವಾದಿಸಿದಳು. ಚೆಂಡಿನ ಪುಟಿತ ಕೆಟ್ಟದಿತ್ತು ಎಂದಳು. ಪುಟಿತ ನೆಟ್ಟಗಿತ್ತು, ನಾನೇ ಸೊಟ್ಟಗಿದ್ದೆ ಎಂದ ಅವನು. ತಂಡ ಬಿಡಿಸಿದ್ದು ಅದಕ್ಕೇ ಅಲ್ಲವೇ ಎಂದು ಕೇಳಿದಳು. ಆ ವರ್ಷ ತಾನು ಮಾಡಿದ ತಪ್ಪುಗಳು ಮೂವತ್ತೊಂದು, ಆ ಒಂದನ್ನು ಕಳೆದಿದ್ದರೂ ಮೂವತ್ತು ಉಳಿಯುತ್ತಿದ್ದವು ಎಂದ.

“ಆದ್ರೂ ನನಗೆ ಸಮಾಧಾನ ಇಲ್ಲ ರೀ. ಯಾರಿಗಾದ್ರೂ ಬರ್ದು ತಿದ್ದಿಸ್ತೀನಿ.”

ಆಗ ಬ್ರಿತೊ ಮೊದಲ ಸಲ ಕೈಯಲ್ಲಿದ್ದುದನ್ನು ಕೆಳಗಿಟ್ಟ. “ಬೇಡ. ಆ ಪಂದ್ಯದ ಬಗ್ಗೆ ಊರಲ್ಲಿ ಈಗ್ಲೂ ಮಾತಾಡ್ತಾರೆ. ಅದ್ರಲ್ಲಿ ನನ್ನ ಹೆಸರು ಬರೋದು ಆ ಒಂದೇ ಜಾಗದಲ್ಲಿ. ನನ್ನ ಹೆಣ್ಮಕ್ಳಿಗೆ ಆ ಕತೆ ಬಾಯಿಪಾಠ. ಅಪ್ಪ ಚೆಂಡು ಬಿಟ್ಟ, ಅಮ್ಮ ಸಿಕ್ಕಿದ್ಳು ಅಂತ. ಅದನ್ನೂ ನನ್ನಿಂದ ಕಿತ್ಕೊಬೇಡಿ.”

ಕ್ಷಮೆ ಕೇಳಲು ಬಂದ ಲೊರೀನ್ ಕಳ್ಳತನಕ್ಕೆ ಬಂದವಳಂತೆ ನಿಂತಿದ್ದಳು. ಅವನು ಒಳಗಿನಿಂದ ಸಣ್ಣ ಲೋಟದಲ್ಲಿ ಸಕ್ಕರೆ ಜಾಸ್ತಿಯ ಕಾಫಿ ತಂದುಕೊಟ್ಟ. ಕುಡಿದಳು. ಹೊರಡುವಾಗ ಇಬ್ಬರೂ ಪುಟಿತದ ಬಗ್ಗೆ ಇನ್ನೊಂದು ಸುತ್ತು ಜಗಳವಾಡಿದರು.

ಗ್ರಂಥಾಲಯ ತಲುಪಿದಾಗ ಐದಕ್ಕೆ ಹತ್ತು ನಿಮಿಷವಿತ್ತು. ಗಾಜಿನ ಪೆಟ್ಟಿಗೆಯ ಪಕ್ಕದಲ್ಲಿ ಕೊನೆಯ ಪ್ರಶ್ನೆ ಅಂಟಿಸಿತ್ತು: ಆ ದಿನ ಎದುರಾಳಿ ತಂಡಕ್ಕೆ ಸಿಕ್ಕ ಹಿಟ್‌ಗಳೆಷ್ಟು?

ಲೊರೀನ್ ಒಂದು ಎಂದು ಬರೆದಳು. ಅಳಿಸಿದಳು. ಪುಸ್ತಕದ ಕಪಾಟುಗಳ ನಡುವೆ ಆ ತುದಿಯವರೆಗೆ ಹೋಗಿಬಂದಳು. ಮತ್ತೆ ಒಂದು ಬರೆದು ಮತ್ತೆ ಅಳಿಸಿದಳು, ಕಾಗದ ತೆಳುವಾಯಿತು. ಗ್ರಂಥಪಾಲಕಿ ದೀಪಗಳನ್ನು ಆರಿಸತೊಡಗಿದಾಗ ಸೊನ್ನೆ ಸುತ್ತಿ ಹಾಳೆಯನ್ನು ಡಬ್ಬಿಗೆ ಹಾಕಿದಳು.

ಸರಿ ಉತ್ತರ ಕೊಟ್ಟವರು ಹನ್ನೊಂದು ಜನ. ಚೀಟಿ ಎತ್ತಿದರು. ಮುಂದಿನ ವರ್ಷದ ಎಲ್ಲ ಪಂದ್ಯಗಳ ಟಿಕೆಟ್ ಒಬ್ಬ ಹಲ್ಲಿನ ಡಾಕ್ಟರಿಗೆ ಹೋಯಿತು. ಭಾನುವಾರ ಚರ್ಚಿನಿಂದ ಬರುವ ದಾರಿಯಲ್ಲಿ ಲೊರೀನ್ ತಂಗಿಗೆ ಎಲ್ಲವನ್ನೂ ಹೇಳಿದಳು. ನೀನೂ ಆವತ್ತು ಅಲ್ಲೇ ಇದ್ದೆಯಲ್ಲ, ನಿನ್ನ ಕಣ್ಣಿಗೆ ಹೇಗೆ ಕಂಡಿತು ಎಂದು ಕೇಳಿದಳು.

“ನಾನೆಲ್ಲಿ ನೋಡ್ದೆ? ಆಗ ಹಾಟ್‌ಡಾಗ್ ಸಾಲಲ್ಲಿ ನಿಂತಿದ್ದೆ,” ಎಂದಳು ಬರ್ನಡೀನ್. ಬೀದಿಯ ತಿರುವು ದಾಟಿದ ಮೇಲೆ, “ಅಲ್ಲಾ, ಕೊನೆಗೆ ಅದು ಹಿಟ್ಟಾ, ತಪ್ಪಾ?” ಎಂದು ಕೇಳಿದಳು.

“ಗೊತ್ತಿಲ್ಲ ಕಣೆ,” ಎಂದಳು ಲೊರೀನ್. ಬರ್ನಡೀನ್ ಅಕ್ಕನ ಮುಖ ನೋಡಿದಳು. ಆ ಬಾಯಿಂದ ಆ ಮಾತನ್ನು ಅವಳು ಹಿಂದೆಂದೂ ಕೇಳಿರಲಿಲ್ಲ.