ಸುಮ್ಮನೆ ಬಿಟ್ಟ ಜಾಗ

ನಮ್ಮ ಶಾಲೆ ಮುಚ್ಚಿದ್ದು ಮಣ್ಣು ಟೀಚರ ಹುಚ್ಚಾಟದಿಂದ ಎಂದು ಟೈರ್ ಅಂಗಡಿಯ ಮುಂದೆ ಕೂತವರು ಈಗಲೂ ಹೇಳುತ್ತಾರೆ. ಹಾಗೆ ಹೇಳಿದವರ ಕೊರಳಪಟ್ಟಿಗೆ ನಾನು ಎರಡು ಸಲ ಕೈ ಹಾಕಿದ್ದೇನೆ. ಅದರಿಂದ ನನ್ನ ಅಂಗಿ ಹರಿಯಿತೇ ಹೊರತು ಅವರ ಬಾಯಿ ಮುಚ್ಚಲಿಲ್ಲ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ, ಮಾಡುವುದು ಗಾರೆ ಕೆಲಸ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಮಣ್ಣು ಟೀಚರ್ ಎಂಬ ಹೆಸರನ್ನು ಇಟ್ಟವನೂ ನಾನೇ. ಅವರು ನಮ್ಮ ಬೀದಿಗೆ ಬಂದಾಗ ಐವತ್ತು ದಾಟಿತ್ತು. ಕಡ್ಡಿಯಂಥ ಆಳು, ಎಡಗಾಲು ಸ್ವಲ್ಪ ಎಳೆದು ನಡೆಯುವರು. ಅವರ ಅಪ್ಪ ರೈಲು ಹಳಿ ರಿಪೇರಿಯ ಕೂಲಿಯಂತೆ. ಹಳಿಯ ಪಕ್ಕದ ಮೈಲಿಕಲ್ಲುಗಳ ಮೇಲೆ ಬೆರಳಾಡಿಸಿ ಅಂಕಿ ಕಲಿತೆ ಎನ್ನುತ್ತಿದ್ದರು. ಮದುವೆಯಾಗಲಿಲ್ಲ. ಪಾರ್ಶ್ವವಾಯು ಬಡಿದ ಅಕ್ಕನನ್ನು ಇಟ್ಟುಕೊಂಡು ಟೈರ್ ಅಂಗಡಿಯ ಮಾಳಿಗೆಯ ಒಂಟಿ ಕೋಣೆಯಲ್ಲಿದ್ದರು. ಬೆಳಿಗ್ಗೆ ಅಕ್ಕನ ಮೈ ಒರೆಸಿ, ಮಗ್ಗುಲು ಬದಲಿಸಿ, ಬಾಯಿಗೆ ಗಂಜಿ ಹಾಕಿ, ಎಂಟಕ್ಕೆಲ್ಲ ಶಾಲೆಯ ಬಾಗಿಲು ತೆಗೆಯುವರು.

ಶಾಲೆ ಎಂದರೆ ತಗಡು ಹೊದಿಸಿದ ಮೂರು ಕೋಣೆ. ಒಂದು ಕಡೆ ಟೈರ್ ಅಂಗಡಿಯ ಹಿಂಗೋಡೆ, ಇನ್ನೊಂದು ಕಡೆ ಲಾರಿ ನಿಲ್ಲುವ ಬಯಲು. ಬೀದಿಯವರೇ ಸೇರಿ ಕಟ್ಟಿದ್ದು. ಇಲಾಖೆ ಕೊಡುತ್ತಿದ್ದದ್ದು ಒಬ್ಬ ಟೀಚರನ್ನು ಮಾತ್ರ. ಅಂಗಳದ ಕಾಂಕ್ರೀಟು ನನ್ನ ಕೈಯದು. ಒಂದು ಹನಿ ನೀರು ನಿಲ್ಲದ ಹಾಗೆ ಚರಂಡಿಗೆ ಇಳಿಜಾರು ಕೊಟ್ಟಿದ್ದೆ. ಆ ಅಂಗಳದ ಬಗ್ಗೆ ಮಾತಾಡಲು ಟೀಚರ್ ಒಂದು ದಿನ ನನ್ನ ಮನೆ ಬಾಗಿಲಿಗೆ ಬಂದರು, ಕೈಯಲ್ಲಿ ನೀರು ತುಂಬಿದ ಬಕೆಟ್.

"ಮೇಸ್ತ್ರಿ, ಅಂಗಳ ಹಾಕಿದ್ದು ನೀವಂತೆ."

"ಹೌದು. ಯಾಕೆ, ಬಿರುಕು ಬಿಟ್ಟಿದೆಯಾ?"

"ಇಲ್ಲ. ಅದೇ ಕಷ್ಟ ಆಗಿರೋದು. ಅರ್ಧ ಒಡೆದುಕೊಡ್ತೀರಾ?"

ನನಗೆ ಪಿತ್ತ ನೆತ್ತಿಗೇರಿತು. ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಬಕೆಟನ್ನು ನನ್ನ ಕೈಗಿಟ್ಟು, "ಇದನ್ನ ಸ್ವಲ್ಪ ಹಿಡ್ಕೊಂಡಿರಿ, ಕೆಳಗಿಡಬೇಡಿ. ಕೋಪ ಇಳಿದ ಮೇಲೆ ಮಾತಾಡೋಣ" ಎಂದರು. ಯಾಕೆ ಹಿಡಿದುಕೊಂಡೆನೋ ಗೊತ್ತಿಲ್ಲ, ಹಿಡಿದುಕೊಂಡೆ. ಕೈ ಸೋತ ಹಾಗೆ ದನಿಯೂ ಸೋತಿತು. ನಲ್ಲಿ ಹತ್ತಿರ ಪಾತ್ರೆ ತಿಕ್ಕುತ್ತಿದ್ದ ನನ್ನ ಹೆಂಡತಿ, "ಹನ್ನೆರಡು ವರ್ಷದಿಂದ ಸಂಸಾರ ಮಾಡ್ತಿದ್ದೀನಿ, ನನಗೆ ಈ ಉಪಾಯ ಹೊಳೀಲೇ ಇಲ್ಲ ನೋಡಿ ಟೀಚರ್" ಎಂದಳು.

ಆಮೇಲೆ ಟೀಚರ್ ಹೇಳಿದರು: "ನಿಮ್ಮ ಮಗಳು ಬೇರು, ಕಾಂಡ, ಎಲೆ ಅಂತ ದುಂಡಗೆ ಬರೀತಾಳೆ. ಬೇರು ತೋರಿಸು ಅಂದ್ರೆ ಪುಸ್ತಕದ ಚಿತ್ರ ತೋರಿಸ್ತಾಳೆ. ಇಲ್ಲಿ ಕೀಳೋಕೆ ಒಂದು ಹುಲ್ಲೂ ಇಲ್ಲವಲ್ಲಪ್ಪ."

ಇನ್ನೊಂದು ಮಾತೂ ಇತ್ತು. ಇರುವುದು ಇಪ್ಪತ್ತೆಂಟು ಮಕ್ಕಳು, ಓದಿನಲ್ಲೂ ಹಿಂದೆ. ವರ್ಷದ ಕೊನೆಗೆ ಸಾಹೇಬರು ಬಂದು ನೋಡುತ್ತಾರೆ, ಸುಧಾರಿಸದಿದ್ದರೆ ಹೆದ್ದಾರಿ ಆಚೆಯ ದೊಡ್ಡ ಶಾಲೆಗೆ ಸೇರಿಸುತ್ತಾರೆ ಎಂದು ಇಲಾಖೆಯಿಂದ ಕಾಗದ ಬಂದಿತ್ತು. ಆ ಹೆದ್ದಾರಿಯಲ್ಲಿ ಲಾರಿಗಳು ಬ್ರೇಕು ಎಂಬುದನ್ನೇ ಮರೆತಿರುತ್ತವೆ. ಏಳು ವರ್ಷದ ಕೂಸುಗಳು ಅದನ್ನು ದಾಟಬೇಕು. ನಾನು ಮರುದಿನವೇ ಹಾರೆ ಎತ್ತಿದೆ. ನಾನೇ ಹಾಕಿದ್ದನ್ನು ನಾನೇ ಒಡೆಯಲು ಮೂರು ದಿನ ಹಿಡಿಯಿತು, ಅಷ್ಟು ಗಟ್ಟಿಯಾಗಿತ್ತು.

ಅವರ ಪಾಠ ನೋಡಿ ಮೊದಮೊದಲು ಬೀದಿಯೆಲ್ಲ ನಕ್ಕಿತು. ಕಂಬದ ನೆರಳನ್ನು ಗಂಟೆಗೊಮ್ಮೆ ಅಳೆದು ಲೆಕ್ಕ ಕಲಿಸುವರು. ಸೊಪ್ಪಿನ ಮಡಿಗೆ ಎಷ್ಟು ಚೊಂಬು ನೀರು ಎಂದು ಗುಣಾಕಾರ. ಜಗಳವಾಡಿದ ಇಬ್ಬರಿಗೆ ಒಂದೇ ಗಿಡ ವಹಿಸುವರು. ಅದು ಹೂ ಬಿಡುವವರೆಗೆ ಇಬ್ಬರೂ ಜೊತೆಗೇ ನೀರು ಹಾಕಬೇಕು. ಬೆಳಿಗ್ಗೆ ಅಳುತ್ತ ಬಂದ ಮಗುವಿಗೆ ಅಂದು ಪಾಟಿ ಇಲ್ಲ. ಒಡೆದ ಅಂಗಳದ ಗುಂಡಿಯಲ್ಲಿ ನಿಂತ ನೀರಿನ ಪಕ್ಕ ಕೂತು ಕಪ್ಪೆಮರಿ ಎಣಿಸಿ ಬಂದರೆ ಸಾಕು. "ಮೈ ಒಂದು ಕಡೆ, ಮನಸ್ಸು ಒಂದು ಕಡೆ ಇಟ್ಕೊಂಡು ಮಗ್ಗಿ ಹೇಗೆ ಬರುತ್ತೆ ಮೇಸ್ತ್ರಿ?" ಎನ್ನುವರು. ಆರು ತಿಂಗಳಲ್ಲಿ ನನ್ನ ಮಗಳು ನನ್ನ ಮರಳಿನ ಲೆಕ್ಕವನ್ನೇ ತಿದ್ದತೊಡಗಿದಳು. ನಗುವುದು ನಿಂತಿತು.

ಅಂಗಳದ ಮೂಲೆಯಲ್ಲಿ ಹತ್ತಡಿ ಚೌಕವೊಂದಿತ್ತು. ಅಲ್ಲಿ ಬಿತ್ತುವಂತಿಲ್ಲ, ಕೀಳುವಂತಿಲ್ಲ, ಗುಡಿಸುವಂತಿಲ್ಲ. ಮಕ್ಕಳು ಅದನ್ನು ಸುಮ್ಮನೆ ಬಿಟ್ಟ ಜಾಗ ಎಂದು ಕರೆಯುವರು. ಟೀಚರ್ ದಾರ ಕಟ್ಟಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಹಂಚಿದ್ದರು. ಶನಿವಾರ ಮಕ್ಕಳು ಕುಕ್ಕರಗಾಲಲ್ಲಿ ಕೂತು, ತಮ್ಮ ತಮ್ಮ ತುಂಡಿನಲ್ಲಿ ಹೊಸದಾಗಿ ಏನು ಬಂತು, ಏನು ಸತ್ತಿತು, ಯಾರು ಯಾರನ್ನು ತಿಂದರು ಎಂದು ಬರೆಯುವರು. ನನ್ನ ಮಗಳ ತುಂಡಿನಲ್ಲಿ ಒಂದು ಇರುವೆ ಗೂಡು. ಅದರ ಸುದ್ದಿ ಊಟಕ್ಕೆ ಕೂತಾಗ ದಿನವೂ ಇರುತ್ತಿತ್ತು. ನಾನು ಹೂಂ ಅನ್ನುತ್ತಿದ್ದೆ. ಕೇಳಿಸಿಕೊಂಡಿರಲಿಲ್ಲ.

ಸಾಹೇಬರು ಸೋಮವಾರ ಬರುವುದಾಗಿ ಗೊತ್ತಾಯಿತು. ಶನಿವಾರ ಟೀಚರ್ ಬಂದು, "ಬಾಗಿಲ ಮೆಟ್ಟಿಲು ಅಲ್ಲಾಡ್ತಿದೆ, ನಾಳೆ ಸರಿ ಮಾಡಿಕೊಡಿ" ಎಂದರು. ಅದೇ ಸಂಜೆ ಅವರ ಅಕ್ಕನಿಗೆ ಮೇಲುಸಿರು ಹತ್ತಿತು, ಟೀಚರ್ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಲ್ಲೇ ಉಳಿದರು. ನನ್ನ ಹೆಂಡತಿ, ಮಗಳು ಅಜ್ಜಿಯ ಮನೆಗೆ ಹೋಗಿದ್ದರು. ಬೇಡ ಎನ್ನುವವರು ಯಾರೂ ಇರಲಿಲ್ಲ.

ಭಾನುವಾರ ಹತ್ತು ಗಂಟೆಗೆ ಮೆಟ್ಟಿಲು ಮುಗಿಯಿತು. ಸಿಮೆಂಟು ಉಳಿದಿತ್ತು, ಮರಳೂ ಇತ್ತು. ಶಾಲೆ ಕಮಿಟಿಯ ಯಜಮಾನನಾದ ಟೈರ್ ಅಂಗಡಿಯಣ್ಣ ಹಿಂಗೋಡೆಯ ಕಿಟಕಿಯಿಂದ ಇಣುಕಿದ.

"ಏನಯ್ಯಾ, ಸಾಹೇಬರಿಗೆ ಆ ಮೂಲೆ ಕಾಡು ತೋರಿಸ್ತೀರಾ? ಹಾವು ಬಂದು ಅವರ ಕೈ ಕುಲುಕಲಿ ಅಂತಲಾ?"

ನನಗೂ ಹೌದೆನಿಸಿತು. ಸಾಹೇಬರು ಎಂದರೆ ನನ್ನ ಲೆಕ್ಕದಲ್ಲಿ ಇಸ್ತ್ರಿ ಪ್ಯಾಂಟು, ಮಿರುಗುವ ಬೂಟು. ಮಡಿಗಳಿಗೆ ಕೈ ಹಚ್ಚಲಿಲ್ಲ, ಅವು ನೋಡಲು ಚೆಂದವಿದ್ದವು. ಆ ಚೌಕದ ಹುಲ್ಲನ್ನು ಸನಿಕೆಯಲ್ಲಿ ಬೇರುಸಮೇತ ಕೆತ್ತಿದೆ. ದಾರ, ಕಡ್ಡಿ ಸುತ್ತಿ ಬಿಸಾಕಿದೆ. ಮಣ್ಣು ಬಡಿದು ದಮ್ಮಸ್ಸು ಮಾಡಿ ಕಾಂಕ್ರೀಟು ಎಳೆದು ಮಟ್ಟಗೋಲು ಹಿಡಿದೆ. ಮೂರು ಗಂಟೆಗೆ ನೋಡಿದರೆ ಕನ್ನಡಿ. ಟೀಚರ್ ಎಷ್ಟು ಖುಷಿಪಡುತ್ತಾರೋ ಎಂದುಕೊಂಡೆ. ನಿಜವಾಗಿಯೂ ಹಾಗೇ ಎಂದುಕೊಂಡೆ.

ಸೋಮವಾರ ಮೊದಲು ನೋಡಿದವಳು ನನ್ನ ಮಗಳು. "ಅಪ್ಪಾ, ನನ್ನ ಇರುವೆ ಎಲ್ಲಿ?" ಎಂದಳು, ಅಷ್ಟೆ. ಟೀಚರ್ ಆಸ್ಪತ್ರೆಯಿಂದ ನೇರವಾಗಿ ಬಂದರು, ಎರಡು ದಿನದ ಸುಕ್ಕು ಸೀರೆ. ಹಸಿ ಸಿಮೆಂಟಿನ ಮುಂದೆ ನಿಂತರು. ನನ್ನ ಕಡೆ ತಿರುಗಲಿಲ್ಲ. ಅಷ್ಟರಲ್ಲಿ ಸಾಹೇಬರ ಜೀಪು ಬಂತು.

ಅವರು ಮೃದು ಮಾತಿನ ಮನುಷ್ಯ. ಜೇಬಿನಿಂದ ಕಾಗದ ತೆಗೆದು, "ಎಲ್ಲಿ ಮೇಡಂ, ನೀವು ಬರೆದಿದ್ದ ಆ ಜಾಗ? ಅದನ್ನ ನೋಡೋಕೇ ಬಂದೆ" ಎಂದರು. ಟೀಚರ್ ಅವರಿಗೆ ಮೊದಲೇ ಬರೆದಿದ್ದರಂತೆ: ಪುಸ್ತಕ ಮುಚ್ಚಿಸಿ, ಮಕ್ಕಳನ್ನು ಆ ಚೌಕದ ಸುತ್ತ ಕೂರಿಸಿ, ಲೆಕ್ಕ, ಭಾಷೆ, ವಿಜ್ಞಾನ ಏನು ಬೇಕಾದರೂ ಕೇಳಿ ಎಂದು. ನಮಗೆ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅಪ್ಪಅಮ್ಮಂದಿರು ಉತ್ತರ ಬಾಯಿಪಾಠ ಮಾಡಿಸುತ್ತಾರೆಂಬ ಹೆದರಿಕೆ.

"ಮೊನ್ನೆ ತನಕ ಇಲ್ಲೇ ಇತ್ತು ಸರ್" ಎಂದರು ಟೀಚರ್. "ಸೊಪ್ಪಿನ ಮಡಿ ಹತ್ತಿರ ಕೇಳಿ, ಹೇಳ್ತಾರೆ."

ಮಕ್ಕಳು ಹೇಳಲಿಲ್ಲ. ಸಣ್ಣವರು ಅಳುತ್ತಿದ್ದರು, ದೊಡ್ಡವರು ನೆಲ ನೋಡುತ್ತಿದ್ದರು. ಸಾಹೇಬರು ಮಕ್ಕಳ ಶನಿವಾರದ ನೋಟ್ ಪುಸ್ತಕ ತಿರುವಿದರು. "ಚೆನ್ನಾಗಿದೆ. ಆದ್ರೆ ಇದನ್ನ ಮನೇಲಿ ಕೂತೂ ಬರೀಬಹುದು" ಎಂದು ಸುತ್ತ ನೋಡಿ, "ಈ ಸಿಮೆಂಟು ಯಾರು ಹಾಕಿಸಿದ್ದು?" ಎಂದು ಕೇಳಿದರು.

ಅಲ್ಲಾದರೂ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. "ಯಾರೂ ಹಾಕಿಸಿಲ್ಲ. ನಾನೇ ಹಾಕಿದ್ದು. ನಮ್ಮ ಶಾಲೆ, ನಮ್ಮ ಅಂಗಳ" ಎಂದು ಏರಿ ಹೋದೆ.

"ಮೇಡಂ ಕಲಿಸೋ ರೀತಿ ನಿಮಗೆ ಒಪ್ಪಿಗೆ ಇಲ್ಲವೇ?"

"ಅದು ಪಾಠ ಅಂತ ಯಾರಿಗೆ ಗೊತ್ತಿತ್ತು ಸ್ವಾಮಿ? ಕಸ ಅಂದ್ಕೊಂಡೆ, ಕಿತ್ತೆ."

ಅವರು ಬರೆದುಕೊಂಡರು. "ಸರ್, ಅವರು ಹೇಳಿದ್ದು ಹಾಗಲ್ಲ" ಎಂದು ಟೀಚರ್ ಅಡ್ಡ ಬಂದರು. "ಮೇಡಂ, ಅವರ ಬಾಯಿಂದ ಬಂದದ್ದನ್ನೇ ಬರೀತಿದ್ದೀನಿ" ಎಂದರು ಸಾಹೇಬರು.

ಜೀಪು ಹೋದ ಮೇಲೆ ಟೀಚರ್ ಮೆಟ್ಟಿಲ ಮೇಲೆ ಕೂತರು. ಬೈಯಲಿ ಎಂದು ಕಾದೆ. "ತಪ್ಪು ನನ್ನದೂ ಇದೆ ಮೇಸ್ತ್ರಿ" ಎಂದರು. "ಮಕ್ಕಳ ಜೊತೆ ಒಂದು ದಿನ ನಿಮ್ಮನ್ನೂ ಅಲ್ಲಿ ಕೂರಿಸಬೇಕಿತ್ತು. ದೊಡ್ಡವರು ಅಂತ ಬಿಟ್ಟುಬಿಟ್ಟೆ." ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಎರಡು ತಿಂಗಳಿಗೆ ಆದೇಶ ಬಂತು. ಟೈರ್ ಅಂಗಡಿಯಣ್ಣ ಗಟ್ಟಿಯಾಗಿ ಓದಿದ: ಬೋಧನಾ ಕ್ರಮಕ್ಕೆ ಪೋಷಕರ ಸಮ್ಮತಿ ಇಲ್ಲದಿರುವುದು ಕಂಡುಬಂದಿದೆ, ಮಕ್ಕಳನ್ನು ದೊಡ್ಡ ಶಾಲೆಗೆ ಸೇರಿಸುವುದು. ನಾನು ಮೂರು ಸಲ ಇಲಾಖೆಗೆ ಹೋದೆ. ಸಮ್ಮತಿ ಇದೆ, ಬರೆದುಕೊಳ್ಳಿ ಎಂದೆ. ಕಡತ ಮುಗಿದಿದೆ ಎಂದರು. ಮೂರನೇ ಸಲ ಕೂಗಾಡಿದೆ, ಜವಾನ ರಟ್ಟೆ ಹಿಡಿದು ಹೊರಗೆ ಬಿಟ್ಟ. ಇಪ್ಪತ್ತೆಂಟರಲ್ಲಿ ಹನ್ನೊಂದು ಮಕ್ಕಳು ಹೆದ್ದಾರಿಗೆ ಹೆದರಿ ಓದೇ ಬಿಟ್ಟವು. ನನ್ನ ಮಗಳನ್ನು ದಿನವೂ ನಾನೇ ದಾಟಿಸುತ್ತೇನೆ. ರಸ್ತೆ ದಾಟಿದ ಕೂಡಲೇ ಅವಳು ಕೈ ಬಿಡಿಸಿಕೊಳ್ಳುತ್ತಾಳೆ.

ಟೀಚರನ್ನು ಇಲಾಖೆಯ ಹಳೆಯ ಕಡತಗಳ ಕೋಣೆಗೆ ಹಾಕಿದರು. ಆ ಮಳೆಗಾಲದಲ್ಲಿ ಅವರ ಅಕ್ಕ ತೀರಿಕೊಂಡರು. ಒಂದು ದಿನ ಧೈರ್ಯ ಮಾಡಿ ನೋಡಲು ಹೋದೆ. ಮೂರನೇ ಮಹಡಿ, ನೆಲದಿಂದ ಸೂರಿನವರೆಗೆ ಕಾಗದದ ಕಟ್ಟು, ಒಂದು ಟ್ಯೂಬ್ ಲೈಟು. ಅವರು ಕಡತಗಳಿಗೆ ನಂಬರು ಬರೆಯುತ್ತಿದ್ದರು. ಕ್ಷಮಿಸಿ ಎನ್ನಲು ಹೋದವನು ಕಿಟಕಿ ನೋಡುತ್ತ ನಿಂತೆ. ಬಣ್ಣ ಬಳಿದು ಬಳಿದು ಅದರ ಕದ ಚೌಕಟ್ಟಿಗೆ ಅಂಟಿಹೋಗಿತ್ತು.

"ಇದನ್ನ ತೆಗೆದುಕೊಡಲಾ ಟೀಚರ್? ಹತ್ತು ನಿಮಿಷದ ಕೆಲಸ."

"ಬೇಡಪ್ಪ" ಎಂದರು. "ಗಾಳಿ ಬಂದ್ರೆ ಕಾಗದ ಹಾರುತ್ತೆ ಅಂತಾರೆ." ಪೆನ್ನು ಕೆಳಗಿಟ್ಟು, "ಮಗಳು ಹೇಗಿದ್ದಾಳೆ? ಏನಾದ್ರೂ ಬರೀತಾಳಾ?" ಎಂದು ಕೇಳಿದರು.

ಬರೆಯುತ್ತಾಳೆ ಎಂದೆ. ಸುಳ್ಳು. ಅವರು ನಂಬಿದ ಹಾಗೆ ತಲೆಯಾಡಿಸಿ ಇನ್ನೊಂದು ಕಟ್ಟು ಬಿಚ್ಚಿದರು.