ಗುಲಾಬಿ ಕಬ್ಬಕ್ಕಿಗಳಿಗೆ ಸೂಗಮ್ಮ ರೈಟ್ ಹೇಳಿದ್ದು

ಸೇಡಂ–ಚಿಂಚೋಳಿ ಬಸ್ಸಿನ ಕಂಡಕ್ಟರ್ ಸೂಗಮ್ಮನಿಗೆ ಸುಮ್ಮನಿರುವುದೇ ಗೊತ್ತಿಲ್ಲ. ಟಿಕೆಟ್ ಕೊಡುತ್ತಲೇ ಒಬ್ಬರ ಮಗಳ ಬಾಣಂತನ ವಿಚಾರಿಸುತ್ತಾಳೆ, ಇನ್ನೊಬ್ಬರ ಎಮ್ಮೆಗೆ ಔಷಧ ಹೇಳುತ್ತಾಳೆ. ಎಂಜಿನ್ ಸದ್ದು ಮೀರಿ ಮಾತಾಡಿ ಗಂಟಲು ಕಂಚಿನಂತಾಗಿದೆ.

ಅಂಥವಳನ್ನು ಹಕ್ಕಿ ನೋಡಲು ಕರೆದವಳು ಹುಸ್ನಾ, ದಿನಾ ಅದೇ ಬಸ್ಸಿನಲ್ಲಿ ಶಾಲೆಗೆ ಹೋಗುವ ವಿಜ್ಞಾನದ ಟೀಚರ್. ಚಳಿಗಾಲ ಕಳೆಯಲು ದೂರದೇಶದಿಂದ ಬಂದ ಗುಲಾಬಿ ಕಬ್ಬಕ್ಕಿಗಳು ಮಾರ್ಚಿನಲ್ಲಿ ವಾಪಸ್ ಹೊರಡುವ ಮುಂಚೆ ಚಿಂಚೋಳಿ ಅಭಯಾರಣ್ಯದ ಹೂಬಿಟ್ಟ ಮುತ್ತಲ ಗಿಡಗಳಿಗೆ ಮುತ್ತುತ್ತವೆ.

“ರವಿವಾರ ರಜಾ ಅದ ಅಲ್ರಿ ಅಕ್ಕಾ, ಬರ್ರಿ. ಬಾಯಿ ಮಾತ್ರ ಬಂದ್ ಇಡಬೇಕ್ರಿ.”

“ಅದೇನ್ ದೊಡ್ಡದ್ರೀ ಟೀಚರ್!” ಎಂದಳು ಸೂಗಮ್ಮ. ಬಸ್ಸಿಗೆ ಬಸ್ಸೇ ನಕ್ಕಿತು.

ರವಿವಾರ ಬೆಳಕು ಹರಿಯುವಾಗ ಹುಸ್ನಾ, ಅವಳ ಅಣ್ಣ ಫರ್ಹಾನ್, ಸೂಗಮ್ಮ ಮೂವರೂ ಒಂದು ಪೊದೆಯ ಹಿಂದೆ ಕೂತಿದ್ದರು. ಮಣ್ಣಿನ ಬಣ್ಣದ ಬಟ್ಟೆ ಇರಲಿ ಎಂದಿದ್ದಕ್ಕೆ ಸೂಗಮ್ಮ ಡ್ಯೂಟಿಯ ಖಾಕಿ ಕೋಟನ್ನೇ ತೊಟ್ಟು ಬಂದು, ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ನವಿಲು ಬಂತು, ಹುಸ್ನಾಳ ರಟ್ಟೆ ಹಿಂಡಿದಳು. ಮರಕುಟಿಗ ಬಂತು, ಮತ್ತೆ ಹಿಂಡಿದಳು.

“ಅಕ್ಕಾ, ಕೈ ಕೆಂಪಾಗಾಕತ್ತದ್ರಿ,” ಎಂದು ಹುಸ್ನಾ ಉಸುರಿದಳು. ಸೂಗಮ್ಮನಿಗೆ ನಗು ಉಕ್ಕಿ ಮೈಯೆಲ್ಲ ಕುಲುಕತೊಡಗಿತು. ಅದು ಫರ್ಹಾನನಿಗೂ ಅಂಟಿತು. ಅವನು ದುರ್ಬೀನು ಕೆಳಗಿಟ್ಟು ಮೊಣಕಾಲಿನಲ್ಲಿ ಮುಖ ಮುಚ್ಚಿಕೊಂಡ.

ಅಷ್ಟರಲ್ಲಿ ಸುಯ್ಯೆಂದು ಹಿಂಡು ಬಂದಿಳಿಯಿತು. ಎಲೆಯಿಲ್ಲದೆ ಬರೀ ಕೆಂಡದಂಥ ಹೂ ಹೊತ್ತ ಮುತ್ತಲ ಗಿಡದ ತುಂಬ ಕಪ್ಪು ತಲೆ, ಗುಲಾಬಿ ಮೈ. ಒಂದನ್ನೊಂದು ನೂಕಿ ಜಾಗ ಹಿಡಿಯುವುದೇನು, ಬೈದಾಡುವುದೇನು, ಹೂವಿಗೆ ಕೊಕ್ಕು ತೂರಿಸುವುದೇನು! ಸಂತೆಯ ದಿನದ ತನ್ನ ಬಸ್ಸೇ ಎದುರು ನಿಂತಂತೆ ಕಂಡಿತು ಸೂಗಮ್ಮನಿಗೆ. ಏನಾಯಿತೋ, ಹಿಂಡೆಲ್ಲ ಒಮ್ಮೆಲೇ ಎದ್ದಿತು. ಅವಳೂ ಎದ್ದಳು. ಸೆರಗು ಬಾಯಿಂದ ಜಾರಿತು.

“ರೈಟ್! ರೈಟ್, ರೈಟ್!”

ಕಾಡು ಗುಂಯ್ಯೆಂದಿತು.

“ಅಯ್ಯಯ್ಯ, ನಾನೇ ಓಡಿಸಿದ್ನೇನ್ರಿ?” ಎಂದು ಅವಳು ಬಾಯಿ ಮುಚ್ಚಿಕೊಂಡಳು. ಹುಸ್ನಾ ಹೊಟ್ಟೆ ಹಿಡಿದು ನೆಲಕ್ಕೆ ಬಿದ್ದು ನಗುತ್ತಿದ್ದಳು. ಹಿಂಡು ಆಕಾಶದಲ್ಲಿ ಹೊಗೆಯಂತೆ ಸುತ್ತಿ, ತಲೆಯ ಮೇಲೆಯೇ ಹಾದು, ಅದೇ ಗಿಡಕ್ಕೆ ಬಂದು ಕೂತಿತು.

“ನೋಡ್ರಿ, ಟಿಕೆಟ್ ತಗಸಿಲ್ಲಂತ ವಾಪಸ್ ಬಂದಾವ!” ಎಂದಳು ಸೂಗಮ್ಮ.

ಮರುದಿನ ಬಸ್ಸಿನಲ್ಲಿ ಸೂಗಮ್ಮ ರೆಕ್ಕೆಯಂತೆ ಕೈ ಬಡಿದು ಬಡಿದು ಇದನ್ನು ಹೇಳಿದಳು. ಸುಲೇಪೇಟೆ ದಾಟುವಷ್ಟರಲ್ಲಿ ತರಕಾರಿ ಮಾರುವ ಮುದುಕಿ ಬಸ್ಸಮ್ಮ, “ನಂಗೂ ಕರ್ಕೊಂಡು ಹೋಗವ್ವಾ,” ಎಂದು ಹಟ ಹಿಡಿದಳು. ಅವಳ ಹಿಂದೆ ಇನ್ನೂ ಕೆಲವರು ಕೈ ಎತ್ತಿದರು. ಮುಂದಿನ ರವಿವಾರ ಟಂಟಂ ಆಟೋ ತುಂಬ ಜನ. ದೊಡ್ಡ ಹಿಂಡು ಆಗಲೇ ಉತ್ತರಕ್ಕೆ ಹೊರಟುಹೋಗಿತ್ತು. ಹಿಂದುಳಿದ ಕೆಲವು ಹಕ್ಕಿಗಳು ಮಾತ್ರ ಹೂವಿನಲ್ಲಿ ಜಗಳಾಡುತ್ತಿದ್ದವು. ಅಷ್ಟಕ್ಕೇ ಬಸ್ಸಮ್ಮ ಚಪ್ಪಾಳೆ ತಟ್ಟಿ ಕುಣಿದು, ಗಿಡದ ಕೆಳಗೇ ರೊಟ್ಟಿಯ ಗಂಟು ಬಿಚ್ಚಿದಳು.